1969ರ ಮರ್ಸಿಡಿಸ್ ದಾನ: ಕಾರಿನ ಬೆಲೆಯಷ್ಟೂ ತೆರಿಗೆ ಕಡಿತ ಸಿಗುತ್ತದೆಯೇ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇವೆ. ಗ್ಯಾರೇಜಿನಲ್ಲಿ 1969ರ ಮರ್ಸಿಡಿಸ್ ಬೆಂಜ್ 280 ಎಸ್‌ಎಲ್ ಇದೆ. 1999ರಲ್ಲಿ 22,000 ಡಾಲರಿಗೆ ಕೊಂಡದ್ದು. ಆಮೇಲೆ ಎಂಜಿನ್, ಬಾಡಿ, ಸೀಟುಗಳ ರೆಸ್ಟೊರೇಶನ್‌ಗೆ 18,000 ಡಾಲರ್ ಹಾಕಿದ್ದೇವೆ, ಬಿಲ್ಲುಗಳಿವೆ. ಆರು ವರ್ಷದಿಂದ ಸ್ಟಾರ್ಟ್ ಮಾಡಿಲ್ಲ. ಈಗ 90,000 ಡಾಲರ್ ಬಾಳುತ್ತದೆ ಎನ್ನುತ್ತಾರೆ. ಸೇವಾಸಂಸ್ಥೆಗೆ ದಾನ ಕೊಟ್ಟರೆ ಅಷ್ಟೂ ಮೊತ್ತವನ್ನು ತೆರಿಗೆ ಲೆಕ್ಕದಲ್ಲಿ ಕಳೆಯಬಹುದು ಎಂಬ ಜಾಹೀರಾತು ನಿಜವೇ? ಮೈಸೂರು ಕಡೆಯ ಒಂದು ಟ್ರಸ್ಟಿಗೆ ಕೊಡುವ ಆಸೆಯೂ ಇದೆ. ಹೇಗೆ ಮುಂದುವರಿಯಬೇಕು?

ಉತ್ತರ: ಆ ಜಾಹೀರಾತನ್ನು ನಂಬಿ ಹೊರಟರೆ ನಿಮಗೆ ನಷ್ಟ. ಸಂಸ್ಥೆ ನಿಮ್ಮ ಕಾರನ್ನು ಮಾರಿ ದುಡ್ಡು ಮಾಡಿಕೊಳ್ಳುವುದಾದರೆ, ಅದು 90,000ಕ್ಕೇ ಹೋದರೂ ತೆರಿಗೆ ಬೀಳುವ ಆದಾಯದಿಂದ ನೀವು ಕಳೆಯಬಹುದಾದ್ದು ಹೆಚ್ಚೆಂದರೆ 40,000 ಡಾಲರ್. 90,000 ಪೂರ್ತಿ ಸಿಗಬೇಕಾದರೆ ಕಾರನ್ನು ಪಡೆದವರು ಅದನ್ನು ಮಾರದೆ ತಮ್ಮ ಕೆಲಸಕ್ಕೇ ಇಟ್ಟುಕೊಳ್ಳಬೇಕು. ಹಾಗಾಗಿ ಯಾರಿಗೆ ಕೊಡುವುದು ಎನ್ನುವುದಕ್ಕಿಂತ ಮೊದಲು, ಪಡೆದವರು ಅದನ್ನು ಏನು ಮಾಡುತ್ತಾರೆ ಎಂದು ಕೇಳಿ.

ಇಲ್ಲಿ ಎರಡು ನಿಯಮ ಒಟ್ಟಿಗೆ ಕೆಲಸ ಮಾಡುತ್ತವೆ. ಮೊದಲನೆಯದು ಬಹಳ ಜನಕ್ಕೆ ಗೊತ್ತು. 2004ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ತಂದ ತಿದ್ದುಪಡಿಯಂತೆ, 2005ರಿಂದ 500 ಡಾಲರ್ ಮೀರಿದ ಕಡಿತ ಕೇಳುವ ವಾಹನ ದಾನಕ್ಕೆ ಸಂಸ್ಥೆ ಅದನ್ನು ಮಾರಿ ಪಡೆದ ಮೊತ್ತವೇ ಮಿತಿ. ಹಳೆಯ ಕಾರುಗಳ ಬೆಲೆಪಟ್ಟಿಯ ಪುಸ್ತಕದಲ್ಲಿ ಬೆಲೆ ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ಅದಕ್ಕೂ ಮೊದಲು ಜನ ಕೆಟ್ಟು ನಿಂತ ಗಾಡಿಗಳಿಗೂ ಪುಸ್ತಕದ ಬೆಲೆ ಹಾಕಿ ಕಳೆಯುತ್ತಿದ್ದರು, ಅದನ್ನು ತಡೆಯಲೆಂದೇ ಈ ನಿಯಮ ಬಂತು. ಎರಡನೆಯ ನಿಯಮ ಸಾಮಾನ್ಯ ಕಾರಿನವರಿಗೆ ತಟ್ಟುವುದೇ ಇಲ್ಲ, ಹಾಗಾಗಿ ಅದರ ಬಗ್ಗೆ ಯಾರೂ ಮಾತಾಡುವುದೂ ಇಲ್ಲ. ಬೆಲೆ ಏರಿದ ವಸ್ತುವನ್ನು ಸಂಸ್ಥೆ ತನ್ನ ಉದ್ದೇಶಕ್ಕೆ ಸಂಬಂಧವಿಲ್ಲದಂತೆ ಬಳಸಿದರೆ ದಾನಿಯ ಕಡಿತದಿಂದ ಏರಿದ ಲಾಭವನ್ನು ತೆಗೆದುಹಾಕಬೇಕು ಎನ್ನುತ್ತದೆ ಅದು. ಮಾರಿ ಹಣ ಮಾಡಿಕೊಳ್ಳುವುದೂ ಸಂಬಂಧವಿಲ್ಲದ ಬಳಕೆಯೇ. ಹತ್ತು ವರ್ಷದ ಹಳೆಯ ಟೊಯೋಟಾ ಕ್ಯಾಮ್ರಿ ಕೊಡುವವರಿಗೆ ಏರಿದ ಲಾಭ ಎಂಬುದೇ ಇರುವುದಿಲ್ಲ. ನಿಮ್ಮದು ಹಾಗಲ್ಲ: 22,000ಕ್ಕೆ ರೆಸ್ಟೊರೇಶನ್‌ನ 18,000 ಸೇರಿ ನಿಮ್ಮ ಮೂಲ ವೆಚ್ಚ 40,000, ಮೇಲಿನ 50,000 ಲಾಭ. ಆ 50,000 ಕಡಿತದಿಂದ ಹೊರಗೆ. ಸಂಸ್ಥೆ ನಿಧಿ ಕೂಡಿಸಲು ನಡೆಸುವ ಗಾಲಾ ಕೂಟದ ಹರಾಜಿನಲ್ಲಿ ಇಟ್ಟರೂ ಅದು ಮಾರಾಟವೇ.

ಈ ಮೂಲ ವೆಚ್ಚದಲ್ಲಿ ಯಾವುದು ಸೇರುತ್ತದೆ ಎನ್ನುವಲ್ಲಿ ಎಚ್ಚರ ಬೇಕು. ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿಸಿದ್ದು, ತುಕ್ಕು ಹಿಡಿದ ತಳ ಕತ್ತರಿಸಿ ಹೊಸ ತಗಡು ಬೆಸೆಸಿದ್ದು, ಒಳಗಿನ ಚರ್ಮ ಪೂರ್ತಿ ಬದಲಿಸಿದ್ದು ಸೇರುತ್ತವೆ. ಆಯಿಲ್, ಟೈರು, ಟ್ಯೂನಿಂಗ್, ಇನ್ಶೂರೆನ್ಸ್, ಗ್ಯಾರೇಜ್ ಬಾಡಿಗೆ ಸೇರುವುದಿಲ್ಲ. 18,000ದ ಬಿಲ್ಲುಗಳನ್ನು ಇವತ್ತೇ ಎರಡು ಗುಂಪು ಮಾಡಿಡಿ. ಬಿಲ್ಲಿಲ್ಲದ ಖರ್ಚನ್ನು ಮರೆತುಬಿಡಿ.

ಓದುಗರಲ್ಲಿ ಇನ್ನು ಕೆಲವರಿಗೆ ಇದೇ ಕಾರು ತಂದೆಯಿಂದಲೋ ಮಾವನಿಂದಲೋ ಬಂದಿರಬಹುದು. ಅವರ ಲೆಕ್ಕ ಬೇರೆ. ಸಾವಿನ ನಂತರ ಬಳುವಳಿಯಾಗಿ ಬಂದಿದ್ದರೆ, ಸಾವಿನ ದಿನದ ಮಾರುಕಟ್ಟೆ ಬೆಲೆಯೇ ಹೊಸ ಮೂಲ ವೆಚ್ಚವಾಗುತ್ತದೆ. ಆಗ ಎರಡನೆಯ ನಿಯಮದ ಹಲ್ಲು ಹೆಚ್ಚುಕಡಿಮೆ ಉದುರಿದಂತೆಯೇ. ಕ್ಯಾಲಿಫೋರ್ನಿಯಾದಂಥ ಕಮ್ಯೂನಿಟಿ ಪ್ರಾಪರ್ಟಿ ರಾಜ್ಯದಲ್ಲಿ, ಅಂದರೆ ಮದುವೆಯ ನಂತರ ಗಳಿಸಿದ್ದು ಇಬ್ಬರಿಗೂ ಸಮವಾಗಿ ಸೇರುವ ರಾಜ್ಯದಲ್ಲಿ, ದಂಪತಿಯಲ್ಲಿ ಒಬ್ಬರು ತೀರಿಕೊಂಡರೆ ಇಬ್ಬರ ಪಾಲಿಗೂ ಹೊಸ ಬೆಲೆ ಬರುತ್ತದೆ. ಆದರೆ ಬದುಕಿದ್ದಾಗಲೇ ಉಡುಗೊರೆಯಾಗಿ ಕೊಟ್ಟಿದ್ದರೆ ಕೊಟ್ಟವರ ಹಳೆಯ ವೆಚ್ಚವೇ ನಿಮ್ಮದೂ. 1969ರಲ್ಲಿ ಅಪ್ಪ ಹೊಸದಾಗಿ ಕೊಂಡ ಕಾರನ್ನು ಮಗನ ಹೆಸರಿಗೆ ಮಾಡಿಕೊಟ್ಟು, ಮಗ ಅದನ್ನು ದಾನ ಮಾಡಿದರೆ ಕಡಿತ 1969ರ ಬೆಲೆಗೆ ನಿಲ್ಲುತ್ತದೆ. ಇನ್ನು ಕೆಲವರು ಕಾರಿಗೆ ಅದರ ಬೆಲೆಗಿಂತ ಹೆಚ್ಚು ಸುರಿದಿರುತ್ತಾರೆ. ಅವರಿಗೆ ಇವತ್ತಿನ ಬೆಲೆಯಷ್ಟೇ ಕಡಿತ, ಕಳೆದುಕೊಂಡದ್ದಕ್ಕೆ ಏನೂ ಇಲ್ಲ.

ಮೂರು ದಾರಿ, ಒಂದೇ ಕಾರು

ಫೆಡರಲ್ ತೆರಿಗೆಯ ಶೇ. 32ರ ಹಂತ ಹಿಡಿದು ನಿಮ್ಮ ಕಾರನ್ನೇ ಲೆಕ್ಕ ಹಾಕೋಣ. ರಾಜ್ಯದ ತೆರಿಗೆ ಬೇರೆ ಇದೆ, ಈಗ ಅದನ್ನು ಬದಿಗಿಡುತ್ತೇವೆ.

ಸೇವಾಸಂಸ್ಥೆಗೆ ಕೊಟ್ಟಿರಿ, ಅವರು ಒಳ್ಳೆಯ ಹರಾಜಿನಲ್ಲಿ 90,000ಕ್ಕೆ ಮಾರಿದರು. ನಿಮ್ಮ ಕಡಿತ 40,000, ಅದರಿಂದ ಉಳಿತಾಯವಾಗುವ ತೆರಿಗೆ 12,800 ಡಾಲರ್. ಇನ್ನೊಂದು ದಾರಿ, ನೀವೇ 90,000ಕ್ಕೆ ಮಾರಿ ಅಷ್ಟೂ ಹಣ ದಾನ ಕೊಡುವುದು. ಸಂಗ್ರಹಯೋಗ್ಯ ವಸ್ತುಗಳ ಲಾಭಕ್ಕೆ ಇರುವ ಗರಿಷ್ಠ ಶೇ. 28ರ ದರ ಹಿಡಿದರೆ 50,000 ಲಾಭದ ಮೇಲೆ 14,000 ತೆರಿಗೆ ಬೀಳುತ್ತದೆ. ಆದಾಯ ಹೆಚ್ಚಿರುವವರಿಗೆ ಹೂಡಿಕೆ ಆದಾಯದ ಮೇಲಿನ ಶೇ. 3.8 ಸೇರಿ ಇನ್ನೂ 1,900. ಆದರೆ ಕಡಿತ ಪೂರ್ತಿ 90,000, ಅದರಿಂದ 28,800 ಉಳಿಯುತ್ತದೆ. ನಿವ್ವಳ 14,800, ಹೆಚ್ಚುವರಿ ತೆರಿಗೆ ಬಿದ್ದರೆ 12,900. ಎರಡೂ ಕಡೆ ಸಂಸ್ಥೆಗೆ ಹೋಗುವುದು 90,000ವೇ. ಅಂದರೆ ನಿಮ್ಮ ಹಂತದಲ್ಲಿ ಇವೆರಡರ ನಡುವೆ ತೆರಿಗೆಯ ವ್ಯತ್ಯಾಸ ಅಷ್ಟಕ್ಕಷ್ಟೇ. ನಿಮ್ಮ ಆದಾಯ ತೆರಿಗೆಯ ದರ ಲಾಭದ ತೆರಿಗೆಯ ದರಕ್ಕಿಂತ ಎಷ್ಟು ಮೇಲಿದೆಯೋ ಅಷ್ಟು ಮಟ್ಟಿಗೆ ಮಾರಿ ಹಣ ಕೊಡುವುದು ಲೇಸು. ಶೇ. 35 ಅಥವಾ 37ರ ಹಂತದವರಿಗೆ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಮೂರನೆಯದು ಮ್ಯೂಸಿಯಂ ಅಥವಾ ಕಾಲೇಜು. ಅವರು ಕಾರನ್ನು ಪ್ರದರ್ಶನಕ್ಕೋ ಪಾಠಕ್ಕೋ ಇಟ್ಟುಕೊಂಡರೆ ಕಡಿತ 90,000, ಲಾಭದ ಮೇಲೆ ತೆರಿಗೆ ಇಲ್ಲ, ಪೂರ್ತಿ 28,800 ಉಳಿತಾಯ. ಮೊದಲ ದಾರಿಯ ಎರಡು ಪಟ್ಟಿಗೂ ಮಿಗಿಲು.

ಇಲ್ಲೂ ಮಿತಿಗಳಿವೆ. ಹೀಗೆ ಪೂರ್ತಿ ಬೆಲೆಗೆ ಕಳೆಯುವ ಬೆಲೆ ಏರಿದ ವಸ್ತುವಿನ ದಾನಕ್ಕೆ ಆ ವರ್ಷದ ಎಜಿಐನ, ಅಂದರೆ ಹೊಂದಾಣಿಕೆಯ ನಂತರದ ಒಟ್ಟು ಆದಾಯದ, ಶೇ. 30 ಗಡಿ. ಎಜಿಐ 2,00,000 ಇದ್ದರೆ ಈ ವರ್ಷ 60,000 ಮಾತ್ರ, ಉಳಿದ 30,000ವನ್ನು ಮುಂದಿನ 5 ವರ್ಷದೊಳಗೆ ಬಳಸಿಕೊಳ್ಳಬೇಕು. ನಗದು ದಾನಕ್ಕಾದರೆ ಗಡಿ ಶೇ. 60. 2026ರಿಂದ ಮತ್ತೊಂದು ಸೇರಿದೆ: ಎಜಿಐನ ಶೇ. 0.5ರಷ್ಟು ದಾನ ಲೆಕ್ಕಕ್ಕೇ ಬರುವುದಿಲ್ಲ, ಅದರ ಮೇಲಿನದ್ದಕ್ಕೆ ಮಾತ್ರ ಕಡಿತ. ಎಲ್ಲಕ್ಕಿಂತ ಮುಖ್ಯವಾಗಿ, ನೀವು ಕಡಿತಗಳನ್ನು ಐಟಮೈಸ್ ಮಾಡಬೇಕು, ಅಂದರೆ ಒಂದೊಂದಾಗಿ ಪಟ್ಟಿಮಾಡಿ ಕಳೆಯಬೇಕು. ಹಾಗೆ ಮಾಡದವರಿಗೆ ಸಿಗುವ ನಿಗದಿತ ಕಡಿತ, ಅಂದರೆ ಸ್ಟ್ಯಾಂಡರ್ಡ್ ಡಿಡಕ್ಷನ್, 2026ರಲ್ಲಿ ದಂಪತಿಗೆ 32,200 ಡಾಲರ್. ಮನೆಸಾಲದ ಬಡ್ಡಿಯೂ ಇಲ್ಲದೆ, ಹೇಳಿಕೊಳ್ಳುವಂಥ ಬೇರೆ ಕಡಿತವೂ ಇಲ್ಲದವರಿಗೆ 40,000ದ ದಾನದಿಂದ ನಿಜವಾಗಿ ದಕ್ಕುವುದು ಆ 32,200ರ ಮೇಲಿನ ಚೂರು ಮಾತ್ರ. ಐಟಮೈಸ್ ಮಾಡದವರಿಗೆಂದು 2026ರಿಂದ ಬಂದಿರುವ 1,000 ಅಥವಾ 2,000 ಡಾಲರಿನ ಕಡಿತ ನಗದಿಗಷ್ಟೇ, ಕಾರಿಗಿಲ್ಲ.

ಫೋನ್ ಮಾಡಿದರೆ ಬಂದು ಎತ್ತಿಕೊಂಡು ಹೋಗುವವರು

ನಿಮ್ಮ ಕಾರನ್ನು ಇವರಿಗೆ ಕೊಡಬೇಡಿ ಎಂಬುದು ನಮ್ಮ ಸ್ಪಷ್ಟ ಸಲಹೆ. ಜಾಹೀರಾತಿನಲ್ಲಿ ಕೇಳುವ ಸೇವಾಸಂಸ್ಥೆಗಳಲ್ಲಿ ಎಷ್ಟೋ ಕಡೆ ಕಾರನ್ನು ಎತ್ತಿ, ಮಾರಿ, ಕಾಗದ ಮಾಡುವುದು ಸಂಸ್ಥೆಯಲ್ಲ, ಪಾಲು ಪಡೆಯುವ ಏಜೆಂಟ್ ಕಂಪನಿ. ಅವರ ಇಡೀ ಏರ್ಪಾಡು ಸಾವಿರ, ಎರಡು ಸಾವಿರ ಡಾಲರಿನ ಗಾಡಿಗಳನ್ನು ಬೇಗ ಕೈದಾಟಿಸುವುದಕ್ಕೆ ಇರುವುದು. ಓಡದ ಸ್ಥಿತಿಯ 280 ಎಸ್‌ಎಲ್ ಅಲ್ಲಿಗೆ ಹೋದರೆ ಡೀಲರುಗಳ ಸಗಟು ಹರಾಜಿನಲ್ಲಿ ನಾಲ್ಕು ಫೋಟೋ ಜೊತೆ ನಿಲ್ಲುತ್ತದೆ. ನಿಮ್ಮ ಬಿಲ್ಲುಗಳ ಫೈಲು ಎಲ್ಲೋ, ಕಳಚಿಡುವ ಗಟ್ಟಿ ಛಾವಣಿಯಾದ ಹಾರ್ಡ್‌ಟಾಪ್ ಎಲ್ಲೋ. ಕಾರು ಗುರುತಿಸಬಲ್ಲ ಡೀಲರ್ ಅರ್ಧ ಬೆಲೆಗೆ ಹೊಡೆದುಕೊಂಡು ಹೋಗುತ್ತಾನೆ. ಆಗ ಸಂಸ್ಥೆಗೂ ಕಡಿಮೆ, ನಿಮ್ಮ ಕಡಿತದ ಮಿತಿಯೂ ಕೆಳಗೆ.

ಮಾರಾಟದ ದಾರಿಯಲ್ಲೇ ಕೊಡುವುದಿದ್ದರೆ ಏಜೆಂಟನ್ನು ಬಿಟ್ಟು ಸಂಸ್ಥೆಯ ದೇಣಿಗೆ ವಿಭಾಗದವರ ಜೊತೆಯೇ ಮಾತಾಡಿ. ಕಾರನ್ನು ಕ್ಲಾಸಿಕ್ ಕಾರುಗಳ ಹರಾಜಿಗೇ ಹಾಕಬೇಕು, ಕನಿಷ್ಠ ಬೆಲೆ ಇಡಬೇಕು, ದಾಖಲೆಗಳೆಲ್ಲ ಕಾರಿನ ಜೊತೆಗೇ ಹೋಗಬೇಕು ಎಂದು ಪತ್ರದಲ್ಲಿ ಒಪ್ಪಿಸಿಕೊಳ್ಳಿ. ಆದರೆ ಕೊಳ್ಳುವವನನ್ನು ನೀವೇ ಗೊತ್ತುಮಾಡಿ, ಬೆಲೆ ಮಾತಾಡಿ, ಆಮೇಲೆ ಸಂಸ್ಥೆಯ ಕೈಯಿಂದ ಮಾರಿಸಬೇಡಿ. ಅಂಥ ಮಾರಾಟವನ್ನು ತೆರಿಗೆ ಇಲಾಖೆ ನಿಮ್ಮದೇ ಮಾರಾಟ ಎಂದು ಹಿಡಿದು ಲಾಭದ ತೆರಿಗೆಯನ್ನು ನಿಮ್ಮ ತಲೆಗೇ ಕಟ್ಟಬಹುದು.

ಸಂಸ್ಥೆಯನ್ನು ತೂಗಿನೋಡಲು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ತೆರಿಗೆಮುಕ್ತ ಸಂಸ್ಥೆಗಳ ಆನ್‌ಲೈನ್ ಹುಡುಕಾಟದಲ್ಲಿ ಹೆಸರಿದೆಯೇ ನೋಡಿ, ಜೊತೆಗೆ ಕ್ಯಾಲಿಫೋರ್ನಿಯಾ ಅಟಾರ್ನಿ ಜನರಲ್ ಕಚೇರಿಯ ನೋಂದಣಿ ಪಟ್ಟಿಯಲ್ಲೂ ನೋಡಿ. ಬಳಿಕ ಅವರ ವಾರ್ಷಿಕ ರಿಟರ್ನ್ ಆದ ಫಾರಂ 990 ತೆಗೆಯಿರಿ. ಅದರ ಶೆಡ್ಯೂಲ್ ಎಂ ನಲ್ಲಿ ಆ ವರ್ಷ ಎಷ್ಟು ವಾಹನ ಬಂದವು, ಅವುಗಳ ಮೊತ್ತ ಎಷ್ಟು ಎಂದು ಇರುತ್ತದೆ. ಭಾಗಿಸಿ ನೋಡಿ. ಒಂದು ಗಾಡಿಗೆ ಸರಾಸರಿ ಕೆಲವೇ ನೂರು ಡಾಲರ್ ಬರುತ್ತಿದ್ದರೆ ಅದು ನಿಮ್ಮ ಕಾರಿಗೆ ತಕ್ಕ ಜಾಗವಲ್ಲ.

ಇಟ್ಟುಕೊಳ್ಳುವವರು ಯಾರು?

ಮ್ಯೂಸಿಯಂ ಎಂದರೆ ಎಲ್ಲರಿಗೂ ಲಾಸ್ ಏಂಜಲೀಸಿನ ಪೀಟರ್ಸನ್, ಸಿಲ್ಮಾರಿನ ನೆದರ್‌ಕಟ್ ನೆನಪಾಗುತ್ತವೆ. ಅಲ್ಲಿ ನಿಮ್ಮ ಕಾರಿಗೆ ಜಾಗ ಸಿಗುವ ಸಾಧ್ಯತೆ ಕಡಿಮೆ. 280 ಎಸ್‌ಎಲ್ ಸುಂದರ ಕಾರು ಹೌದು, ಅಪರೂಪದ್ದಲ್ಲ. 1971ಕ್ಕೆ ಉತ್ಪಾದನೆ ನಿಲ್ಲುವ ಹೊತ್ತಿಗೆ 23,885 ಕಾರುಗಳು ಹೊರಬಂದಿದ್ದವು. ಮೊದಲ ಮಾಲೀಕ ಹೆಸರಾಂತ ವ್ಯಕ್ತಿ, ಅಥವಾ ಒಂದೂ ಸ್ಕ್ರೂ ಬದಲಾಗದ ಮೂಲ ಸ್ಥಿತಿ, ಇಂಥದ್ದೇನಾದರೂ ಇದ್ದರೆ ಮಾತು ಬೇರೆ. ಮ್ಯೂಸಿಯಮ್ಮುಗಳು ದಾನವಾಗಿ ಬಂದ ಕಾರನ್ನು ಮಾರಿ ನಿರ್ವಹಣೆಗೆ ಬಳಸುವುದೂ ಉಂಟು. ಹಾಗೆ ಮಾಡಿದರೆ ಮತ್ತೆ 40,000ಕ್ಕೆ ಬಂದು ನಿಲ್ಲುತ್ತೀರಿ. ಮ್ಯೂಸಿಯಂ ಎಂಬ ಬೋರ್ಡು ನೋಡಿ ಕೊಡುವುದಲ್ಲ, ಸಂಗ್ರಹಕ್ಕೆ ಸೇರಿಸಿಕೊಳ್ಳುತ್ತೇವೆ ಎಂದು ಬರೆದುಕೊಟ್ಟರೆ ಮಾತ್ರ ಕೊಡುವುದು.

ನಮಗೆ ಹೆಚ್ಚು ಹೊಂದುವುದಾಗಿ ಕಾಣುವುದು ಕಾನ್ಸಾಸ್‌ನ ಮೆಕ್‌ಫರ್ಸನ್ ಕಾಲೇಜಿನಂಥ ಜಾಗ. ಹಳೆಯ ಕಾರುಗಳ ರೆಸ್ಟೊರೇಶನ್‌ನಲ್ಲೇ ಬ್ಯಾಚುಲರ್ ಪದವಿ ಕೊಡುವ ಕಾಲೇಜು ಅದು. ಅಲ್ಲಿನ ವಿದ್ಯಾರ್ಥಿಗಳು ಕಟ್ಟಿದ 1953ರ ಮರ್ಸಿಡಿಸ್ 300 ಎಸ್ ಕ್ಯಾಬ್ರಿಯೊಲೆ 2023ರ ಪೆಬಲ್ ಬೀಚ್ ಹಳೆಯ ಕಾರುಗಳ ಸ್ಪರ್ಧೆಯಲ್ಲಿ ತನ್ನ ವಿಭಾಗದ ಎರಡನೇ ಸ್ಥಾನ ಪಡೆಯಿತು. ಕಾರನ್ನು ಬಿಚ್ಚಿ ಕಲಿಯುವುದೇ ಅಂಥ ಸಂಸ್ಥೆಯ ಕೆಲಸವಾದ್ದರಿಂದ ಬಳಕೆ ಅದರ ಉದ್ದೇಶಕ್ಕೆ ನೇರವಾಗಿ ಸಂಬಂಧಪಟ್ಟದ್ದು. ಆರು ವರ್ಷ ನಿಂತ ಎಂಜಿನ್ ಮ್ಯೂಸಿಯಮ್ಮಿಗೆ ತಲೆನೋವು, ಇವರಿಗೆ ಪಾಠ. ಆದರೆ ಇಲ್ಲಿಯೂ ಪಾಠಕ್ಕೆ ಇಟ್ಟುಕೊಳ್ಳುತ್ತೀರೋ ಮಾರುತ್ತೀರೋ ಎಂದು ಕೇಳಿಯೇ ಮುಂದುವರಿಯಬೇಕು.

ಕೊಟ್ಟ ಮೇಲೂ ಮೂರು ವರ್ಷ ಈ ವಿಷಯ ನಿಮ್ಮ ಹಿಂದೆಯೇ ಇರುತ್ತದೆ. ಪಡೆದವರು ಮೂರು ವರ್ಷದೊಳಗೆ ಕಾರನ್ನು ಮಾರಿದರೆ 125 ದಿನದೊಳಗೆ ಐಆರ್‌ಎಸ್‌ಗೆ ಫಾರಂ 8282 ಸಲ್ಲಿಸಬೇಕು, ಪ್ರತಿ ನಿಮಗೂ ಬರುತ್ತದೆ. ದಾನ ಕೊಟ್ಟ ತೆರಿಗೆ ವರ್ಷದಲ್ಲೇ ಮಾರಿದರೆ ನಿಮ್ಮ ಕಡಿತ ಮೂಲ ವೆಚ್ಚಕ್ಕೆ ಇಳಿಯುತ್ತದೆ. ಆಮೇಲೆ ಮಾರಿದರೆ, ಆಗಲೇ ಕಳೆದ 90,000 ಮತ್ತು ಮೂಲ ವೆಚ್ಚ 40,000ದ ನಡುವಿನ 50,000 ಮಾರಿದ ವರ್ಷದ ನಿಮ್ಮ ಆದಾಯಕ್ಕೆ ಸೇರುತ್ತದೆ. ಸಂಸ್ಥೆಯ ಅಧಿಕಾರಿಯೊಬ್ಬರು, ಕಾರನ್ನು ಉದ್ದೇಶಕ್ಕೆ ಗಣನೀಯವಾಗಿ ಬಳಸಿದ್ದೇವೆ ಎಂದೋ, ಉದ್ದೇಶಿಸಿದ ಬಳಕೆ ಅಸಾಧ್ಯವಾಯಿತು ಎಂದೋ ಸಹಿ ಹಾಕಿ ಪ್ರಮಾಣೀಕರಿಸಿದರೆ ಮಾತ್ರ ಇದರಿಂದ ಬಚಾವ್. ಸುಳ್ಳು ಪ್ರಮಾಣಕ್ಕೆ 10,000 ಡಾಲರ್ ದಂಡ ಇರುವುದರಿಂದ ಆ ಸಹಿಯನ್ನು ಯಾರೂ ಮುಲಾಜಿಗೆ ಹಾಕಿಕೊಡುವುದಿಲ್ಲ. ದಾನಪತ್ರ ಬರೆಯುವಾಗಲೇ, ಮೂರು ವರ್ಷ ಮಾರುವ ಉದ್ದೇಶವಿಲ್ಲ ಎಂಬ ಒಂದು ಸಾಲು ಸೇರಿಸಿ ಎಂದು ಕೇಳಿ. ಎಷ್ಟೋ ಮ್ಯೂಸಿಯಮ್ಮುಗಳು ಯಾವ ಷರತ್ತನ್ನೂ ಒಪ್ಪುವುದಿಲ್ಲ, ಹಾಗೆಂದರೆ ಅದೇ ನಿಮಗೆ ಉತ್ತರ.

ವರ್ಷಕ್ಕೆರಡು ಭಾನುವಾರ ನಾವೇ ಓಡಿಸುತ್ತೇವೆ ಎಂಬ ಹಕ್ಕು ಉಳಿಸಿಕೊಂಡು ಕೊಟ್ಟರೆ ಕಡಿತವೇ ಬಿದ್ದುಹೋಗಬಹುದು. ಕೊಡುವುದಾದರೆ ಪೂರ್ತಿ ಕೊಡಬೇಕು.

ಕಾಗದಗಳು

ಈ ಭಾಗ ಬೇಸರದ್ದು, ಆದರೆ ಹೆಚ್ಚಿನವರು ಸೋಲುವುದೇ ಇಲ್ಲಿ. ಸಂಸ್ಥೆ ನಿಮಗೆ ವಾಹನ ದಾನದ ಸ್ವೀಕೃತಿಪತ್ರವಾದ ಫಾರಂ 1098-ಸಿ ಕೊಡಬೇಕು: ಮಾರಿದರೆ ಮಾರಿದ 30 ದಿನದೊಳಗೆ, ಇಟ್ಟುಕೊಳ್ಳುವುದಾದರೆ ಕೊಟ್ಟ 30 ದಿನದೊಳಗೆ. ಬಂದ ಕೂಡಲೇ ಮೂರು ಜಾಗ ನೋಡಿ. 4ಸಿ ಎಂಬ ಚೌಕದಲ್ಲಿ ಮೊತ್ತ ಇದ್ದರೆ ಮಾರಿದ್ದಾರೆ ಎಂದರ್ಥ. 5ಎ ಗುರುತಾಗಿದ್ದರೆ ಬಳಸುತ್ತೇವೆ ಅಥವಾ ಗಣನೀಯವಾಗಿ ಸುಧಾರಿಸುತ್ತೇವೆ, ಅಲ್ಲಿಯವರೆಗೆ ಕೈಬಿಡುವುದಿಲ್ಲ ಎಂಬ ಪ್ರಮಾಣ. ಹೇಗೆ, ಎಷ್ಟು ಕಾಲ ಎಂಬ ವಿವರ 5ಸಿಯಲ್ಲಿ ಇರಲೇಬೇಕು. 7ನೇ ಚೌಕದಲ್ಲಿ ಗುರುತು ಬಿದ್ದಿದ್ದರೆ ನಿಮ್ಮ ಕಡಿತ 500 ಡಾಲರ್ ದಾಟುವಂತಿಲ್ಲ. ಬಣ್ಣ ಹೊಡೆದು, ಗೀರು ತೆಗೆದು, ಸೀಟು ಹೊಲಿಸಿ ಮಾರಿದರೆ ಅದು ಗಣನೀಯ ಸುಧಾರಣೆ ಅಲ್ಲ ಎಂದು ನಿಯಮದಲ್ಲೇ ಇದೆ. 1098-ಸಿಯ ‘ಕಾಪಿ ಬಿ’ಯನ್ನು ರಿಟರ್ನ್ ಜೊತೆ ಲಗತ್ತಿಸಬೇಕು.

1098-ಸಿಯಲ್ಲಿ ಮಾರಾಟದ ಮೊತ್ತ ನಮೂದಾದ ಕಾರಿಗೆ ಮೌಲ್ಯಮಾಪನ ಬೇಡ, ನಗದಲ್ಲದ ದಾನಗಳಿಗೆಂದು ಇರುವ ಫಾರಂ 8283ರ ಎ ಭಾಗ ಸಾಕು. ಮೂಲ ವೆಚ್ಚಕ್ಕೆ ಇಳಿಸಿದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಮ್ಯೂಸಿಯಂ ಅಥವಾ ಕಾಲೇಜು ಇಟ್ಟುಕೊಳ್ಳುವುದಾದರೆ 5,000 ಡಾಲರ್ ಮೀರುವ ಕಾರಣ 8283ರ ಬಿ ಭಾಗ ತುಂಬಬೇಕು. ಅದಕ್ಕೆ ಅರ್ಹ ಮೌಲ್ಯಮಾಪಕರ ವರದಿ ಬೇಕು, ಮೌಲ್ಯಮಾಪಕರೂ ಪಡೆದ ಸಂಸ್ಥೆಯೂ ಸಹಿ ಹಾಕಬೇಕು. ವಸ್ತುವನ್ನು ಸಂಬಂಧವಿಲ್ಲದ ಬಳಕೆಗೆ ಇಡುವ ಉದ್ದೇಶವಿದೆಯೇ ಎಂಬ ಪ್ರಶ್ನೆಗೆ ಸಂಸ್ಥೆ ಇಲ್ಲ ಎಂದು ಗುರುತು ಮಾಡಿರಬೇಕು.

ಮೌಲ್ಯಮಾಪನ ದಾನದ ದಿನಕ್ಕಿಂತ 60 ದಿನಕ್ಕೂ ಮೊದಲು ಮಾಡಿಸಿದ್ದಾಗಬಾರದು, ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಕೈಸೇರಿರಬೇಕು. ಬೆಲೆಯ ಇಂತಿಷ್ಟು ಶೇಕಡಾ ಎಂದು ಶುಲ್ಕ ಕೇಳುವ ಮೌಲ್ಯಮಾಪಕನ ವರದಿ ಸಲ್ಲದು. ಇನ್ಶೂರೆನ್ಸ್ ಕಂಪನಿಯ ಜೊತೆ ಒಪ್ಪಿಕೊಂಡ ಬೆಲೆ ಮಾರುಕಟ್ಟೆ ಬೆಲೆಯಲ್ಲ. ಹ್ಯಾಗರ್ಟಿಯಂಥ ಬೆಲೆಪಟ್ಟಿಯಲ್ಲಿ ಒಂದನೇ ಸ್ಥಿತಿ ಎಂದರೆ ಪ್ರದರ್ಶನದಲ್ಲಿ ಗೆಲ್ಲುವ ಕಾರು. ಆರು ವರ್ಷ ನಿಂತದ್ದು ಮೂರನೆಯದೋ ನಾಲ್ಕನೆಯದೋ ಆಗಿರುತ್ತದೆ. ನಿಮ್ಮ 90,000 ಯಾವ ಸ್ಥಿತಿಯ ಬೆಲೆ ಎಂದು ಹೇಳಿದವರನ್ನೇ ಕೇಳಿ. ನಿಜವಾದ ಬೆಲೆಯ ಒಂದೂವರೆ ಪಟ್ಟು ತೋರಿಸಿ ಸಿಕ್ಕಿಬಿದ್ದರೆ ಕಡಿಮೆ ಕಟ್ಟಿದ ತೆರಿಗೆಯ ಮೇಲೆ ಶೇ. 20 ದಂಡ, ಎರಡು ಪಟ್ಟಾದರೆ ಶೇ. 40.

ಕಾಗದ ತಪ್ಪಿದರೆ ದಾನ ನಿಜವಾಗಿದ್ದರೂ ಉಪಯೋಗವಿಲ್ಲ. ಇದೇ ನಿಯಮ ದೋಣಿಗೂ ವಿಮಾನಕ್ಕೂ ಅನ್ವಯಿಸುತ್ತದೆ. 1969ರದೇ ಒಂದು ಖಾಸಗಿ ಜೆಟ್‌ನಲ್ಲಿ ತಮಗಿದ್ದ ಪಾಲನ್ನು ವಿಮಾನ ಪರಂಪರೆಯ ಸಂಸ್ಥೆಗೆ ಕೊಟ್ಟು ಮೂರು ಲಕ್ಷ ಡಾಲರಿಗೂ ಹೆಚ್ಚಿನ ಕಡಿತ ಕೇಳಿದ ದಾನಿಗೆ, ಸಂಸ್ಥೆಯ ಸ್ವೀಕೃತಿ ಪತ್ರ ನಿಯಮದಂತೆ ಇರಲಿಲ್ಲ ಎಂಬ ಕಾರಣಕ್ಕೆ 2017ರಲ್ಲಿ ಟ್ಯಾಕ್ಸ್ ಕೋರ್ಟ್ ಒಂದು ಡಾಲರನ್ನೂ ಬಿಡಲಿಲ್ಲ.

ದಾನದ ವರ್ಷ ಎಂದರೆ ನೀವು ಕಾರು ಹಸ್ತಾಂತರಿಸಿದ ವರ್ಷ. ಡಿಸೆಂಬರಿನಲ್ಲಿ ಕೊಟ್ಟು ಸಂಸ್ಥೆ ಮುಂದಿನ ಮೇ ತಿಂಗಳಿನಲ್ಲಿ ಮಾರಿದರೆ ಏಪ್ರಿಲ್ ಗಡುವಿಗೆ 1098-ಸಿ ಇರುವುದಿಲ್ಲ. ಆಗ ಫಾರಂ 4868 ಹಾಕಿ ಅಕ್ಟೋಬರ್ 15ರವರೆಗೆ ಸಮಯ ಪಡೆಯಿರಿ. ಅಂದಾಜಿನ ಮೇಲೆ ಸಲ್ಲಿಸಬೇಡಿ.

ಕಾರನ್ನು ಸಿದ್ಧಮಾಡುವುದು

ಆರು ವರ್ಷ ನಿಂತ ಕಾರನ್ನು, ಬರುವವರಿಗೆ ತೋರಿಸೋಣವೆಂದು ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಬೇಡಿ. ನಿಮ್ಮದು ಕಾರ್ಬ್ಯುರೇಟರ್ ಎಂಜಿನ್ ಅಲ್ಲ. ಆರು ಪ್ಲಂಜರಿನ ಬಾಷ್ ಮೆಕ್ಯಾನಿಕಲ್ ಇಂಜೆಕ್ಷನ್ ಪಂಪ್ ಅದರಲ್ಲಿದೆ. ಹಳೆಯ ಪೆಟ್ರೋಲ್ ಅಂಟಾಗಿ ಗಟ್ಟಿಯಾದರೆ ಅದರ ಪ್ಲಂಜರುಗಳು ಕಚ್ಚಿಕೊಳ್ಳುತ್ತವೆ, ಬಲವಂತ ಮಾಡಿದರೆ ಇಡೀ ಪಂಪ್ ರಿಪೇರಿಗೆ ಬರುತ್ತದೆ. ಟ್ಯಾಂಕಿನ ತಳದ ತುಕ್ಕೂ ಪೈಪುಗಳಿಗೆ ಇಳಿಯುತ್ತದೆ. ಇದರ ಬದಲು ಆರೂ ಸ್ಪಾರ್ಕ್ ಪ್ಲಗ್ ತೆಗೆದು, ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ತೆಳು ಆಯಿಲ್ ಬಿಟ್ಟು, ಒಂದು ದಿನ ಹಾಗೇ ಬಿಡಿ. ಮಾರನೇ ದಿನ ಕ್ರ್ಯಾಂಕಿನ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ನಿಧಾನವಾಗಿ ಕೈಯಲ್ಲಿ ತಿರುಗಿಸಿ. ಎಲ್ಲಾದರೂ ತಡೆದರೆ ಅಲ್ಲಿಗೇ ನಿಲ್ಲಿಸಿ. ಸ್ಟಾರ್ಟ್ ಮಾಡಿಲ್ಲ, ಎಂಜಿನ್ ಕೈಯಲ್ಲಿ ಸಲೀಸಾಗಿ ತಿರುಗುತ್ತದೆ ಎಂಬ ಪ್ರಾಮಾಣಿಕ ಒಂದು ಸಾಲಿಗೆ ತಿಳಿದವರು ಬೆಲೆ ಕೊಡುತ್ತಾರೆ.

ಫೋಟೋಗಳಲ್ಲಿ ಹೊಳೆಯುವ ಬಾನೆಟ್ ಯಾರಿಗೂ ಬೇಡ. ಬಾನೆಟ್ ಎತ್ತಿ, ಮುಂದಿನ ಫೆಂಡರ್ ಒಳಗಿನ ಅಂಚಿಗೆ ಕೂಡುವ ಜಾಗ ನೋಡಿ. ಕಾರ್ಖಾನೆಯ ಸ್ಪಾಟ್ ವೆಲ್ಡಿನ ಪುಟ್ಟ ದುಂಡು ಗುಳಿಗಳು ಸಾಲಾಗಿ ಕಾಣಬೇಕು. ಅವು ನಯವಾಗಿ ಮುಚ್ಚಿಹೋಗಿದ್ದರೆ ಫೆಂಡರ್ ಬದಲಾಗಿದೆ ಅಥವಾ ಪುಟ್ಟಿ ತುಂಬಿದೆ ಎಂದರ್ಥ. ಅಂಥ ಕಾರಿನ ಬೆಲೆ ತಕ್ಷಣ ಇಳಿಯುತ್ತದೆ. ಅದನ್ನು ಎರಡೂ ಬದಿ ಹತ್ತಿರದಿಂದ ತೆಗೆಯಿರಿ. ಹಾಗೇ ಜ್ಯಾಕ್ ಕೊಡುವ ಜಾಗಗಳು, ಕಾಲಡಿಯ ತಗಡು, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಈ ಕಾರುಗಳಿಗೆ ತುಕ್ಕು ಹತ್ತುವುದೇ ಅಲ್ಲಿ. ಚಾಸಿ ನಂಬರು 113044ರಿಂದ ಶುರುವಾಗುತ್ತದೆ. ಅದರ ಮುಂದಿನ ಎರಡು ಅಂಕಿ 10 ಇದ್ದರೆ ಎಡಗೈ ಸ್ಟಿಯರಿಂಗ್ ಮ್ಯಾನ್ಯುಯಲ್, 12 ಇದ್ದರೆ ಆಟೋಮ್ಯಾಟಿಕ್. ಕಾರ್ಖಾನೆಯ ಡೇಟಾ ಕಾರ್ಡಿನ ಪ್ರತಿ ತರಿಸಿ, ಚಾಸಿ, ಎಂಜಿನ್, ಬಣ್ಣದ ನಂಬರುಗಳು ಅದಕ್ಕೆ ತಾಳೆಯಾಗುತ್ತವೆಯೇ ನೋಡಿ. ಬಾಡಿ ನಂಬರು ಹಾರ್ಡ್‌ಟಾಪ್ ಮೇಲೂ ಇರುತ್ತದೆ, ಅದೂ ಕೂಡಿಬಂದರೆ ಬೆಲೆಗೆ ಬಲ.

1981ಕ್ಕೂ ಹಿಂದಿನ ಕಾರಿಗೆ 17 ಅಂಕಿಯ ವಿನ್, ಅಂದರೆ ವಾಹನದ ಗುರುತಿನ ಸಂಖ್ಯೆ, ಇರುವುದಿಲ್ಲ. ಆನ್‌ಲೈನ್ ಫಾರಂ 17 ಕೇಳಿದರೆ ಸೊನ್ನೆ ಸೇರಿಸಿ ತುಂಬಬೇಡಿ. ಟೈಟಲ್ (ಕಾರಿನ ಒಡೆತನದ ಪತ್ರ), 1098-ಸಿ, ಮೌಲ್ಯಮಾಪನ ಮೂರರಲ್ಲೂ ಟೈಟಲಿನಲ್ಲಿ ಇರುವ ಹಾಗೇ ನಂಬರು ಇರಬೇಕು.

ಸಾಗಿಸಲು ಫ್ಲ್ಯಾಟ್‌ಬೆಡ್ ಅಥವಾ ಮುಚ್ಚಿದ ಟ್ರೇಲರ್ ಮಾತ್ರ, ಚಕ್ರ ಎತ್ತಿ ಎಳೆಯುವ ಟೋ ಗಾಡಿ ಬೇಡ. ಹಿಂದಿನ ದಿನವೇ ಟೈರಿಗೆ ಗಾಳಿ ತುಂಬಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಕಾರು ಕೈಯಲ್ಲಿ ಉರುಳುತ್ತದೆಯೇ ನೋಡಿ. ಇದರ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ನಿಂತ ಕಾರಿನಲ್ಲಿ ಕ್ಯಾಲಿಪರ್ ಕಚ್ಚಿಕೊಂಡಿರುವುದು ಸಾಮಾನ್ಯ. ಕಚ್ಚಿದ್ದರೆ ಲಾರಿಯವರಿಗೆ ಮೊದಲೇ ತಿಳಿಸಿ, ಇಲ್ಲವಾದರೆ ವಿಂಚ್ ಹಾಕಿ ದರದರ ಎಳೆದುಬಿಡುತ್ತಾರೆ.

ಟೈಟಲಿನಲ್ಲಿ ಸಹಿ ಹಾಕುವಾಗ ಪಡೆಯುವವರ ಜಾಗವನ್ನು ಖಾಲಿ ಬಿಡಬೇಡಿ, ಲಾರಿಯವನು ಎಷ್ಟೇ ಕೇಳಲಿ. ಸಂಸ್ಥೆಯ ಪೂರ್ಣ ಹೆಸರು ಬರೆಯಿರಿ. ಖಾಲಿ ಟೈಟಲ್ ಕೈಯಿಂದ ಕೈಗೆ ಹೋದಷ್ಟು ಕಾಲ ಕಾರು ನಿಮ್ಮ ಹೆಸರಿನಲ್ಲೇ ಇರುತ್ತದೆ, ಪಾರ್ಕಿಂಗ್ ದಂಡವೂ ಅಪಘಾತವೂ ನಿಮ್ಮ ಬಾಗಿಲಿಗೇ ಬರುತ್ತವೆ. ಹಸ್ತಾಂತರವಾದ 5 ದಿನದೊಳಗೆ ರಾಜ್ಯದ ವಾಹನ ಇಲಾಖೆಯಾದ ಡಿಎಂವಿಗೆ ಹೊಣೆ ಬಿಡುಗಡೆಯ ಸೂಚನೆ, ಅಂದರೆ ಆರ್‌ಇಜಿ 138, ಆನ್‌ಲೈನಿನಲ್ಲಿ ಸಲ್ಲಿಸಿ. ಟೈಟಲ್ ಕಳೆದಿದ್ದರೆ ಮೊದಲು ಬದಲಿ ಟೈಟಲಿನ ಅರ್ಜಿ ಆರ್‌ಇಜಿ 227. 1975 ಮತ್ತು ಅದಕ್ಕೂ ಹಿಂದಿನ ಮಾದರಿಯಾದ್ದರಿಂದ ಹೊಗೆ ತಪಾಸಣೆಯ ಸ್ಮಾಗ್ ಪ್ರಮಾಣಪತ್ರ ಬೇಡ, 2010 ಮತ್ತು ಹಿಂದಿನ ಮಾದರಿಗಳಿಗೆ ಫೆಡರಲ್ ಓಡೋಮೀಟರ್ ಘೋಷಣೆಯೂ ಬೇಡ. ಇನ್ಶೂರೆನ್ಸ್ ರದ್ದು ಮಾಡುವುದು ಡಿಎಂವಿಯ ದೃಢೀಕರಣ ಬಂದ ಮೇಲೆ.

ಮೈಸೂರಿನ ಟ್ರಸ್ಟಿಗೆ

ಕಾರನ್ನಾಗಲೀ ಹಣವನ್ನಾಗಲೀ ಭಾರತದ ಟ್ರಸ್ಟಿಗೆ ನೇರವಾಗಿ ಕೊಟ್ಟರೆ ಅಮೆರಿಕದಲ್ಲಿ ಕಡಿತ ಇಲ್ಲ. ಮೈಸೂರಿನ ಕೆಲಸಕ್ಕೇ ಕೊಡುವುದು ನಿಮಗೆ ಮುಖ್ಯವಾದರೆ ಎರಡನೆಯ ದಾರಿ ಹಿಡಿಯಿರಿ: ಕಾರು ಮಾರಿ, ಕರ್ನಾಟಕದಲ್ಲಿ ಕೆಲಸ ಮಾಡುವ, ಅಮೆರಿಕದಲ್ಲಿ 501(ಸಿ)(3) ಎಂಬ ತೆರಿಗೆಮುಕ್ತ ಸೇವಾಸಂಸ್ಥೆಯ ಮಾನ್ಯತೆಯುಳ್ಳ ಸಂಸ್ಥೆಗೆ ಹಣ ಕೊಡಿ. ಹಣ ಎಲ್ಲಿಗೆ ಹೋಗಬೇಕೆಂಬ ಅಂತಿಮ ತೀರ್ಮಾನ ಆ ಸಂಸ್ಥೆಯದೇ ಆಗಿರಬೇಕು, ನೀವು ಕೋರಬಹುದು ಅಷ್ಟೇ. ಅತ್ತ ಪಡೆಯುವ ಟ್ರಸ್ಟಿಗೆ ವಿದೇಶಿ ದೇಣಿಗೆಯ ಕಾಯ್ದೆಯಾದ ಎಫ್‌ಸಿಆರ್‌ಎ ನೋಂದಣಿಯೂ, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಅದಕ್ಕೆಂದೇ ತೆರೆದ ಖಾತೆಯೂ ಬೇಕು. ನೀವಿನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದು ಸ್ವಂತ ಖಾತೆಯಿಂದ ಬ್ಯಾಂಕ್ ಮೂಲಕ ನೇರ ಕಳಿಸಿದರೆ ಎಫ್‌ಸಿಆರ್‌ಎ ಅಡ್ಡಬರುವುದಿಲ್ಲ. ಭಾರತೀಯ ಮೂಲದ ವಿದೇಶಿ ಪ್ರಜೆ, ಅಂದರೆ ಒಸಿಐ, ಆಗಿದ್ದರೆ ಬರುತ್ತದೆ.

ಊರಿನಲ್ಲೇ ಹಳೆಯ ಕಾರು ಇರುವವರ ಲೆಕ್ಕ ಇದಕ್ಕೆ ತಿರುಗಾಮುರುಗಾ. ಭಾರತದಲ್ಲಿ ದಾನಿಗಳಿಗೆ ಸಿಗುವ, 80ಜಿ ಎಂದು ಹೆಸರಾದ ತೆರಿಗೆ ರಿಯಾಯಿತಿ ಹಣದ ದಾನಕ್ಕೆ ಮಾತ್ರ, ಕಾರು ಕೊಟ್ಟರೆ ಒಂದು ರೂಪಾಯಿಯೂ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ 80ಜಿಯೇ ಇಲ್ಲ. ಆದರೆ ಸ್ವಂತ ಬಳಕೆಯ ಕಾರು ಬಂಡವಾಳ ಆಸ್ತಿಯಲ್ಲವಾದ್ದರಿಂದ ಮಾರಿದ ಲಾಭಕ್ಕೆ ತೆರಿಗೆ ಬೀಳುವುದಿಲ್ಲ. ಸ್ವಂತಕ್ಕೆ ಬಳಸಿದ್ದಕ್ಕೆ ಪುರಾವೆ ಬೇಕು, ಅಷ್ಟೇ. 1931ರ ಫೋರ್ಡ್ ಟೂರರ್ ಮಾರಿದವರೊಬ್ಬರಲ್ಲಿ ಅಂಥ ಪುರಾವೆ ಇಲ್ಲವೆಂದು 2025ರಲ್ಲಿ ಬಾಂಬೆ ಹೈಕೋರ್ಟ್ ತೆರಿಗೆಯನ್ನು ಎತ್ತಿಹಿಡಿಯಿತು. ಪೆಟ್ರೋಲ್ ಬಿಲ್ಲು, ಇನ್ಶೂರೆನ್ಸ್, ರ್‍ಯಾಲಿಯ ಫೋಟೋ ಇಟ್ಟುಕೊಂಡು, ಮಾರಿ, ಹಣವನ್ನೇ ದಾನ ಕೊಡುವುದು ಅಲ್ಲಿ ಸರಿಯಾದ ದಾರಿ. ಕಾರೇ ಉಳಿಯಲಿ, ಜನ ನೋಡಲಿ ಎಂಬ ಆಸೆಯಿದ್ದರೆ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯ, ಶ್ರೀರಂಗಪಟ್ಟಣದ ಬಳಿಯ ಪಯಣ ಕಾರು ಮ್ಯೂಸಿಯಂ ಇವೆ, ಮೊದಲು ಪತ್ರ ಬರೆದು ಕೇಳಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಿದರೆ ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಶುಲ್ಕ 20,000 ರೂಪಾಯಿ, 10 ವರ್ಷ ಮಾನ್ಯ, ಮರುನೋಂದಣಿಗೆ 5,000. ಅಂಥ ಕಾರನ್ನು ಮಾರಿದರೆ 90 ದಿನದೊಳಗೆ ಕೊಟ್ಟವರೂ ಕೊಂಡವರೂ ತಮ್ಮ ತಮ್ಮ ರಾಜ್ಯದ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು.